ರಗ್ಗಿನ ಮೇಲಿದ್ದ ಲ್ಯಾಪ್‌ಟಾಪ್

ಲ್ಯಾಪ್‌ಟಾಪ್ ರಿಪೇರಿಯವರಿಗೆ ನಮಸ್ಕಾರ.

ಇದನ್ನೆಲ್ಲ ಫೋನಿನಲ್ಲಿ ಹೇಳಲು ನನ್ನಿಂದಾಗುವುದಿಲ್ಲ. ಅದಕ್ಕೇ ಪಕ್ಕದ ಮನೆಯವರ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ನಮ್ಮ ಹಳೇ ಲ್ಯಾಪ್‌ಟಾಪಿಗೆ ಹೊಸ ಫ್ಯಾನ್ ತರಿಸುತ್ತೇನೆ ಅಂದಿದ್ದಿರಿ. ದಯವಿಟ್ಟು ತರಿಸಬೇಡಿ.

ಮನೆಗೆ ಬಂದಾಗ ನೀವು ಹೇಳಿದ್ದು ಸರಿಯಾಗಿಯೇ ಇತ್ತು: "ರಗ್ಗಿನ ಮೇಲಿಟ್ರೆ ಅದಕ್ಕೆ ಉಸಿರು ಕಟ್ಟತ್ತೆ ಅಮ್ಮಾ, ಬಿಸಿಯಾಗಿ ಆಫ್ ಆಗತ್ತೆ. ಮೇಜಿನ ಮೇಲಿಡಿ." ನಮ್ಮವರು ಹೂಂ ಹೂಂ ಎಂದು ತಲೆಯಾಡಿಸಿದರು. ನೀವು ಮೆಟ್ಟಿಲಿಳಿಯುವಷ್ಟರಲ್ಲಿ ಅದನ್ನು ಮತ್ತೆ ಹೊಟ್ಟೆಯ ಮೇಲೆ ಎಳೆದುಕೊಂಡರು. ಎದ್ದು ಕೂರಲಾಗದವರಿಗೆ ಮೇಜಿದ್ದರೇನು, ಬಿಟ್ಟರೇನು? ಎಷ್ಟು ಹೊದಿಸಿದರೂ ಅವರ ಕೈ ತಣ್ಣಗೇ ಇರುತ್ತಿತ್ತು; ಆ ಬಿಸಿ ಹಿತ ಅನ್ನುತ್ತಿದ್ದರು. ಚದುರಂಗದ ನಡುವೆ ಆಫ್ ಆದರೆ, "ನಾನು ಗೆಲ್ಲೋ ಹೊತ್ತಿಗೆ ಸರಿಯಾಗಿ ಕಣ್ಣು ಮುಚ್ಕೊಳ್ಳತ್ತೆ ಕಣೇ, ಕಳ್ಳ ಮುಂಡೇದು!" ಎಂದು ಬೈದು, ಆರಲೆಂದು ನನ್ನ ಕೈಗೆ ಕೊಡುತ್ತಿದ್ದರು. ನಾನು ರಟ್ಟಿನಲ್ಲಿ ಗಾಳಿ ಬೀಸುತ್ತಿದ್ದೆ.

ಹೋದ ವಾರ ಅವರು ತೀರಿಕೊಂಡರು. ಬಂದವರು ಹಾಸಿಗೆ ಸುತ್ತುವಾಗ ಲ್ಯಾಪ್‌ಟಾಪನ್ನು ಎತ್ತಿ ಮೇಜಿನ ಮೇಲಿಟ್ಟರು. ಅಂದಿನಿಂದ ಅದು ಒಂದು ಸಲವೂ ಆಫ್ ಆಗಿಲ್ಲ. ಆಟ ಹಾಗೇ ನಿಂತಿದೆ, ಮುಂದಿನ ನಡೆ ಅವರದ್ದು.

ಬಿಡುವಾದಾಗ ಒಮ್ಮೆ ಬಂದುಹೋಗಿ. ವೈರು ಕೀಳಲು ನನಗೆ ಮನಸ್ಸು ಬರುತ್ತಿಲ್ಲ. ಸರಿಯಾಗಿ ಆಫ್ ಮಾಡುವುದು ಹೇಗೆಂದು ಗೊತ್ತಿಲ್ಲ. ಇಷ್ಟು ದಿನ ತಾನಾಗಿಯೇ ಆಗುತ್ತಿತ್ತು.

ಇಂತಿ,
ಮೇಲಿನ ಮಹಡಿಯ ಅಮ್ಮ