ಗುರುವಾರದ ಜೀಪು ಮತ್ತು ರೇವಮ್ಮನ ತೋಳು

ಆಳಂದ, 1992

ಮಾನ್ಯ ಆರೋಗ್ಯ ಅಧಿಕಾರಿಗಳೇ,

ಪ್ರತಿ ಗುರುವಾರ ತಮ್ಮ ಇಲಾಖೆಯ ಜೀಪು ನನ್ನ ಮನೆಯ ಮುಂದೆ ಬಂದು ನಿಲ್ಲುವುದನ್ನು ಈ ಕೂಡಲೇ ತಪ್ಪಿಸಬೇಕು. ಸೌಲಭ್ಯ ಸಿಗಲಿಲ್ಲವೆಂದು ದೂರುವವರು ತಮಗೆ ಬೇಕಾದಷ್ಟು ಮಂದಿ ಇದ್ದಾರು. ಸಿಕ್ಕಿತೆಂದು ದೂರುವವಳು ಬಹುಶಃ ನಾನೊಬ್ಬಳೇ. ತಾವು ದಯಾಳುಗಳೆಂಬುದರಲ್ಲಿ ನನಗೆ ಸಂಶಯವಿಲ್ಲ. ಆ ದಯೆಯನ್ನು ಯಾರ ಪಾಲಿನಿಂದ ತೆಗೆದು ನನಗೆ ಬಡಿಸಿದಿರಿ ಎಂಬುದಷ್ಟೇ ನನ್ನ ಪ್ರಶ್ನೆ.

ಹೋದ ವರ್ಷ ಸೊಲ್ಲಾಪುರದಲ್ಲಿ ನನಗೆ ಎದೆಯ ಗಡ್ಡೆಯ ಆಪರೇಶನ್ ಆಯಿತು. ಪಕ್ಕದ ಮಂಚದಲ್ಲಿದ್ದವಳು ನೆಲೋಗಿಯ ರೇವಮ್ಮ. ಜೇವರ್ಗಿಯ ಒಂದು ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕೊಟ್ಟು ಜೀವನ ಮಾಡುವವಳು. ಇಬ್ಬರಿಗೂ ಒಂದೇ ರೋಗ, ಇಬ್ಬರದೂ ಬಲಗಡೆ. ಬಿಡುಗಡೆಯ ದಿನ ಡಾಕ್ಟರು ಇಬ್ಬರನ್ನೂ ಕೂಡಿಸಿಕೊಂಡು ಹೇಳಿದರು: ಕಂಕುಳಿನ ಗಂಟುಗಳನ್ನೂ ತೆಗೆದಿರುವುದರಿಂದ ತೋಳಿನ ನೀರು ಹರಿದುಹೋಗುವ ಹಾದಿ ಕಡಿದಿದೆ, ಕೈ ಬಾತುಕೊಳ್ಳಬಹುದು, ಆಗ ಕಲಿತವರ ಕೈಯಿಂದ ಮೆಲ್ಲನೆ ನೀವಿಸಿಕೊಳ್ಳಬೇಕು, ತಡಮಾಡಿದರೆ ಬಾವು ಗಟ್ಟಿಯಾಗುತ್ತದೆ. ಸುತ್ತಲಿನ ತಾಲೂಕುಗಳಿಗೆಲ್ಲ ಸೇರಿ ನಮ್ಮ ಆಳಂದದ ಸರ್ಕಾರಿ ದವಾಖಾನೆಗೆ ಅದನ್ನು ಕಲಿತ ಒಬ್ಬಾಕೆ ಬಂದಿದ್ದಾಳೆಂದೂ, ಗುರುವಾರ ಆ ಕೆಲಸಕ್ಕೆ ಕೂಡುತ್ತಾಳೆಂದೂ ಅವರೇ ತಿಳಿಸಿದರು.

ಊರಿಗೆ ಬಂದ ಸ್ವಲ್ಪ ದಿನಕ್ಕೆ ನನ್ನ ಬಳೆಗಳು ಮಣಿಕಟ್ಟಿಗೆ ಒತ್ತತೊಡಗಿದವು. ನಮ್ಮ ಯಜಮಾನರಾದ ಕಲ್ಯಾಣಪ್ಪನವರಿಗೆ ಬೇಳೆ ಮಿಲ್ಲು ಇದೆ, ತಮ್ಮ ಪರಿಚಯವೂ ಇದೆ. "ದವಾಖಾನಿ ಸಾಲಿನ್ಯಾಗ ನೀ ಯಾಕ ನಿಲ್ತಿ? ಸಾಹೇಬರಿಗಿ ಒಂದು ಮಾತು ಹೇಳೀನಿ, ಆಕಿನೇ ಮನೀಗಿ ಬರ್ತಾಳ," ಅಂದರು. ಆ ವಾರವೇ ಆ ಕಲಿತಾಕೆ, ಶರೀಫಾಬಿ, ಜೀಪಿನಿಂದ ಇಳಿದಳು. ತೋಳು ನೀವುವುದೆಂದರೆ ಎಣ್ಣೆ ಹಚ್ಚಿ ತಿಕ್ಕುವುದೆಂದು ನಾನು ತಿಳಿದಿದ್ದೆ. ಆಕೆ ಎಣ್ಣೆ ಮುಟ್ಟಲಿಲ್ಲ. ಮೊದಲು ಕುತ್ತಿಗೆ, ಆಮೇಲೆ ಎಡಗಡೆಯ ಕಂಕುಳು, ಕಡೆಗೆ ಬಾತ ತೋಳು. ಚರ್ಮ ಜರುಗಬೇಕು, ನೋವಾಗಬಾರದು, ಅಷ್ಟು ಹಗುರ. ಮುಗಿದ ಮೇಲೆ ಬೆರಳಿನಿಂದ ಮೇಲಕ್ಕೆ ಪಟ್ಟಿ ಸುತ್ತುತ್ತಿದ್ದಳು. ಕೆಲವೇ ತಿಂಗಳಲ್ಲಿ ಬಾವು ಇಳಿಯಿತು. ಸರ್ಕಾರಿ ಜೀಪು ನಮ್ಮ ಅಂಗಳದಲ್ಲಿ ಯಾಕೆ ನಿಂತಿದೆ ಎಂದು ನಾನು ಒಮ್ಮೆಯೂ ಕೇಳಲಿಲ್ಲ. ಕೇಳದಿರುವುದು ಹಿತವಾಗಿತ್ತು.

ಈಚೆಗೆ ಗಾಣಗಾಪುರಕ್ಕೆ ಹೋದಾಗ ಸಂಗಮದ ಮೆಟ್ಟಿಲ ಮೇಲೆ ರೇವಮ್ಮ ಸಿಕ್ಕಳು. ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ನಾನೇ ಸೆರಗು ಸರಿಸಿದೆ. ಮೊಣಕೈ ಎಲ್ಲಿ, ಮಣಿಕಟ್ಟು ಎಲ್ಲಿ ಎಂದು ಗೊತ್ತಾಗದಷ್ಟು ಬಾತಿತ್ತು. ಒತ್ತಿದರೂ ಬೆರಳು ಇಳಿಯದಷ್ಟು ಗಟ್ಟಿಯಾಗಿತ್ತು.

"ದವಾಖಾನಿಗಿ ಹೋಗಲಿಲ್ಲೇನು?" ಎಂದೆ.

"ಹೋಗಿದ್ದೆರಿ ಅಕ್ಕೋರೆ. ಗುರುವಾರ ಬಾ ಅಂದ್ರು. ಗುರುವಾರ ಹ್ವಾದ್ರ ಬಾಗಲಿಗಿ ಕೀಲಿ. ತೋಳು ನೀವೋ ಬಾಯೋರು ಕ್ಯಾಂಪಿಗಿ ಹೋಗ್ಯಾರ, ಮುಂದಿನ ಗುರುವಾರ ಬಾ ಅಂತಾರ. ಹಂಗೇ ಅಡ್ಡಾಡಿ ಅಡ್ಡಾಡಿ ಬಿಟ್ಟೆರಿ. ಈಗ ರೊಟ್ಟಿನೂ ಬಡೀಲಾಕ ಆಗಲ್ಲ. ಖಾನಾವಳಿಯವರು ಬ್ಯಾರೆದಾಕಿನ್ನ ಇಟ್ಕೊಂಡಾರ."

ಆ ಕ್ಯಾಂಪು ನಮ್ಮ ಮನೆಯ ಪಡಸಾಲೆಯೆಂದು ನನಗೆ ಅಲ್ಲಿಯೇ ತಿಳಿಯಿತು. ಪ್ರಸಾದ ಕೊಟ್ಟು ಬಂದುಬಿಟ್ಟೆ. ಆ ರಾತ್ರಿ ನನ್ನ ನೆಟ್ಟಗಿನ ಕೈಯನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ.

ಗುರುವಾರ ಶರೀಫಾಬಿ ಬಂದಾಗ ಕೇಳಿದೆ. ಆಕೆ ತಲೆ ತಗ್ಗಿಸಿದಳು. "ಸಾಹೇಬರ ಹುಕುಂ ಅದರಿ. ಎರಡು ಸಲ ಬ್ಯಾಡ ಅಂದೆ. ಮೂರನೇದಕ್ಕ ವರ್ಗ ಮಾಡ್ತೀನಿ ಅಂದ್ರು." ನಾನು ಪಟ್ಟಿ ಸುತ್ತಿಸಿಕೊಳ್ಳಲಿಲ್ಲ. ಡ್ರೈವರ್ ದಾವಲಸಾಬನಿಗೆ, "ಗಾಡಿ ನೆಲೋಗಿಗಿ ನಡಸಪ್ಪ, ಸಾಹೇಬರು ಕೇಳಿದ್ರ ಗೌರಾಬಾಯಿ ಹೇಳ್ಯಾಳ ಅನ್ನು," ಎಂದೆ. ಶರೀಫಾಬಿಯೊಂದಿಗೆ ನಾನೂ ಹತ್ತಿ ಕೂತೆ. ನನ್ನ ಹೆಸರಿಗೆ ಜೀಪು ಓಡುತ್ತದೆಂಬುದನ್ನು ತಾವೇ ಕಲಿಸಿದ್ದಿರಲ್ಲವೇ?

ರೇವಮ್ಮನ ಮನೆಯಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವಳು ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಹಗುರಾಗುತ್ತಿದ್ದೆನೇನೋ. ಅವಳು ನನ್ನ ತೋಳನ್ನು ಎಡಗೈಯಲ್ಲಿ ಹಿಡಿದು, ತಿರುಗಿಸಿ ನೋಡಿ, "ಚಲೋ ಉಳದಾದ್ರಿ. ಒಬ್ಬರದಾದ್ರೂ ಉಳೀತಲ್ಲ," ಅಂದಳು. ಶರೀಫಾಬಿ ಅವಳ ಕೈಯನ್ನು ಬಹಳ ಹೊತ್ತು ನೀವಿದಳು. ಬಾವು ತುಸು ಮೆತ್ತಗಾದೀತು, ಮೊದಲಿನಂತೆ ಆಗುವುದು ಕಷ್ಟ, ಮೊದಲೇ ಸಿಕ್ಕಿದ್ದರೆ ಮಾತು ಬೇರೆ ಇತ್ತು ಎಂದು ಹೊರಗೆ ಬಂದು ನನಗೆ ಹೇಳಿದಳು. ಆ ಮೊದಲಿನ ತಿಂಗಳುಗಳೆಲ್ಲ ನನ್ನ ತೋಳಿನಲ್ಲಿವೆ, ಮಾನ್ಯರೇ.

ತಪ್ಪು ತಮ್ಮದೊಂದೇ ಎಂದು ಬರೆಯಲು ಮನಸ್ಸು ಒಪ್ಪುವುದಿಲ್ಲ. ಬೇಡಿದವರು ನಮ್ಮವರು, ಉಂಡವಳು ನಾನು. ಆದರೆ ಸಾರ್ವಜನಿಕರಿಗೆಂದು ನೇಮಿಸಿದ ಒಂದೇ ಜೊತೆ ಕೈಗಳನ್ನು ಒಂದು ಮನೆಗೆ ಬರೆದುಕೊಡುವ ಅಧಿಕಾರ ತಮಗೆ ಯಾವ ಕಾನೂನಿನಲ್ಲಿ ಸಿಕ್ಕಿತು? ಬೇಳೆ ಮಿಲ್ಲಿನವರ ಹೆಂಡತಿಯ ತೋಳಿನಲ್ಲಿ ನಿಂತರೆ ಮಾತ್ರ ಆ ನೀರು ರೋಗವೇ? ಈ ಪತ್ರದ ಒಂದು ಪ್ರತಿ ಪತ್ರಿಕೆಗೂ ಹೋಗುತ್ತದೆಂದು ತಿಳಿದು ಯಜಮಾನರು, "ಮನಿ ಮರ್ಯಾದಿ ನೀನೇ ಬಜಾರಕ್ಕ ಇಡ್ತಿಯೇನು?" ಎಂದು ಊಟ ಬಿಟ್ಟು ಎದ್ದಿದ್ದಾರೆ. ಇಡುತ್ತಿದ್ದೇನೆ.

ನನ್ನ ಬೇಡಿಕೆ ಇಷ್ಟು. ದವಾಖಾನೆಯ ಆ ಕೋಣೆ ಗುರುವಾರ ತೆರೆದಿರಬೇಕು. ಶರೀಫಾಬಿ ಅಲ್ಲಿಯೇ ಇರಬೇಕು, ಈ ಪತ್ರದ ಸಿಟ್ಟಿಗೆ ಆಕೆಯನ್ನು ಎಲ್ಲಿಗೂ ಎತ್ತಿಹಾಕಬಾರದು. ಆಪರೇಶನ್ ಆದ ಹೆಂಗಸರಿಗೆ ತಮ್ಮ ತೋಳನ್ನು ತಾವೇ ನೀವಿಕೊಳ್ಳುವುದನ್ನು ಆಕೆ ಕಲಿಸುವಂತಾಗಬೇಕು. ನೆಲೋಗಿಯಿಂದ ಹೊರಡುವಾಗ ರೇವಮ್ಮ ಜೀಪಿನ ಹತ್ತಿರ ಬಂದು ಕೇಳಿದ್ದನ್ನು ತಮಗೇ ಒಪ್ಪಿಸುತ್ತಿದ್ದೇನೆ: "ಬರೋ ಗುರುವಾರ ದವಾಖಾನಿಗಿ ನಾ ಬರ್ಲೋ, ಬ್ಯಾಡೋ? ಅಷ್ಟ ಹೇಳ್ರಿ. ಬಸ್ಸಿಗಿ ಲಗೂನೆ ಏಳಬೇಕಾಗ್ತದ."

ಇಂತಿ,
ತಮ್ಮ ಉಪಕಾರದಿಂದ ಬರೆಯಬಲ್ಲ ಬಲಗೈಯುಳ್ಳ,
ಗೌರಾಬಾಯಿ ಕಲ್ಯಾಣಪ್ಪ