ಕೆಂಪಾಜಿಯನ್ನು ಹೊಳೆಗೆ ತಳ್ಳಿದ ಕಚೇರಿಗೆ

ಮಾನ್ಯರೇ,

ಹೊರದೇಶದ ಓದುಗರಿಗೆ ಕನ್ನಡ ಸಾಹಿತ್ಯವನ್ನು ಇಂಗ್ಲಿಷಿನಲ್ಲಿ ಉಣಬಡಿಸುವ ಸರ್ಕಾರಿ ಪ್ರಕಟಣಾ ಕಚೇರಿಯ ಹಿರಿಯ ಅಧಿಕಾರಿಗಳಾದ ತಾವು, ಹೆಮ್ಮರಗಾಲದ ಒಂದು ಹಾಡಿನೊಳಗಿನ ತುಂಬು ಬಸುರಿಯನ್ನು ಹೊಳೆಗೆ ತಳ್ಳಿದ್ದೀರಿ. ಅವಳನ್ನು ಮೇಲೆತ್ತಿ ಎಂದು ಬೇಡಿಕೊಳ್ಳಲು ಈ ಪತ್ರ. ನನ್ನ ಮನವಿಗಳಿಗೆಲ್ಲ 'ಪರಿಶೀಲನೆಯಲ್ಲಿದೆ' ಎಂಬ ಒಂದೇ ಉತ್ತರ ಬಂದಿದೆ. ತಮ್ಮ ಪರಿಶೀಲನೆ ಮುಗಿಯಲಿ ಎಂದು ಹೆರಿಗೆ ಕಾಯುವುದಿಲ್ಲ. ಅದಕ್ಕೇ ಊರೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ಆ ಪುಸ್ತಕದ ಅನುವಾದಕಿ ನಾನೇ. ನಂಜನಗೂಡಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾಗಿ ಈಗ ಕಳಲೆಯಲ್ಲಿದ್ದೇನೆ. ಹೆಮ್ಮರಗಾಲದ ಸಣ್ಣತಾಯಮ್ಮನ ಜಗಲಿಯ ಮೇಲೆ ಕೂತು, ಆಕೆ ಹಾಡಿದ ಕೆಂಪಾಜಿಯ ಹಾಡನ್ನು ಇಂಗ್ಲಿಷಿಗೆ ತಂದೆ. ಬಸುರಿ ಕೆಂಪಾಜಿ ತವರಿಗೆ ಹೊರಟು, ಉಕ್ಕುತ್ತಿರುವ ಹೊಳೆ ದಾಟಲು ಹರಿಗೋಲು ಹತ್ತುತ್ತಾಳೆ. ಹರಿಗೋಲು ನಡುನೀರಿಗೆ ಬಂದಾಗ ಹಾಡು ನಿಂತುಬಿಡುತ್ತದೆ. ಸಣ್ಣತಾಯಮ್ಮನ ಕೇರಿಯಲ್ಲಿ ಮಗಳನ್ನು ಬಾಣಂತನಕ್ಕೆ ಕರೆತಂದ ದಿನ ಇದನ್ನು ಹಾಡುತ್ತಾರೆ. ಮಗಳು ಹೊಸಿಲಾಚೆ ನಿಂತು ಕೇಳುತ್ತಾಳೆ. ಹಾಡು ನಿಂತೊಡನೆ 'ಬಂದೆ ಕಣವ್ವ' ಎಂದು ಒಳಗೆ ಕಾಲಿಡುತ್ತಾಳೆ. ಕೆಂಪಾಜಿ ದಡ ಸೇರುವುದು ಹಾಗೆ. ಆ ಭಾಗವನ್ನು ಯಾರೂ ಹಾಡುವುದಿಲ್ಲ. ಇದನ್ನೆಲ್ಲ ನಾನು ಅಡಿಟಿಪ್ಪಣಿಯಲ್ಲಿ ವಿವರವಾಗಿ ಬರೆದಿದ್ದೆ.

ಹೊರಗಿನವರಿಗೆ ಅಡಿಟಿಪ್ಪಣಿ ಜೀರ್ಣವಾಗುವುದಿಲ್ಲವೆಂದು ತಮ್ಮ ಸಂಪಾದಕ ಮಂಡಳಿ ಅದನ್ನು ಕಿತ್ತುಹಾಕಿತು. ಟಿಪ್ಪಣಿ ಹೋದಮೇಲೆ ಹಾಡು ಅರ್ಧಕ್ಕೇ ನಿಂತಂತೆ ಕಂಡಿತು. ಮುದುಕಿಗೆ ಕೊನೆ ಮರೆತುಹೋಗಿರಬೇಕೆಂದು ಆ ವಿದ್ವಾಂಸರೇ ತೀರ್ಮಾನಿಸಿ, ನನ್ನನ್ನು ಒಂದು ಮಾತೂ ಕೇಳದೆ, ತಮ್ಮದೇ ಎರಡು ಪುಟ ಬರೆದು ಸೇರಿಸಿದರು. ಅದರಲ್ಲಿ ಹರಿಗೋಲು ಮಗುಚಿ ತಾಯಿ, ಮಗು ಇಬ್ಬರೂ ಸಾಯುತ್ತಾರೆ. ನಮ್ಮ ಹೆಣ್ಣುಮಕ್ಕಳು ಸತ್ತರೆ ಮಾತ್ರ ವಿದೇಶಿಯರಿಗೆ ರುಚಿಸುತ್ತದೆಂದು ತಮಗೆ ಹೇಳಿದವರು ಯಾರು? ಕೆಂಪಾಜಿ ಬದುಕಿ ಮನೆ ಸೇರಿದರೆ ಪುಸ್ತಕಕ್ಕೆ ವೀಸಾ ಸಿಗುವುದಿಲ್ಲವೇ?

ಇಷ್ಟಾದರೂ ಪುಸ್ತಕ ತಮ್ಮ ಗೋದಾಮಿನಲ್ಲೇ ಇದ್ದಿದ್ದರೆ ನಾನೊಬ್ಬಳೇ ಅತ್ತು ಸುಮ್ಮನಾಗುತ್ತಿದ್ದೆ. ತಾವು ನಂಜನಗೂಡಿನಲ್ಲೇ ಬಿಡುಗಡೆ ಸಮಾರಂಭ ಇಟ್ಟಿರಿ. ಸಣ್ಣತಾಯಮ್ಮನಿಗೆ ಶಾಲು ಹೊದಿಸಿದಿರಿ. ಮುಂದಿನ ಸಾಲಿನಲ್ಲಿ ಮೊಮ್ಮಗಳು ಸಿಂಧು ಕೂತಿದ್ದಳು. ಟಿ. ನರಸೀಪುರಕ್ಕೆ ಕೊಟ್ಟ ಹುಡುಗಿ, ಚೊಚ್ಚಲ ಬಸುರಿ. ಹೆತ್ತವ್ವ ಇಲ್ಲದ ಅವಳಿಗೆ ತವರೆಂದರೆ ಈ ಅಜ್ಜಿಯೊಬ್ಬಳೇ. ಅವಳ ಎದುರಿಗೇ ತಾವು ಮೈಕು ಹಿಡಿದು, ತಾಯಿ ಮಗು ನೀರುಪಾಲಾಗುವ ಆ ಕೊನೆಯನ್ನು ಕನ್ನಡದಲ್ಲಿ ರಸವತ್ತಾಗಿ ವಿವರಿಸಿದಿರಿ. ಜನ ಚಪ್ಪಾಳೆ ತಟ್ಟಿದರು. ಸಣ್ಣತಾಯಮ್ಮ ಎದ್ದು ನಿಂತು ಕೇಳಿದ್ದು ತಮಗೆ ಕೇಳಿಸಿರಲಾರದು, ನನಗೆ ಕೇಳಿಸಿತು.

"ಯಾರು ಸಾ ಮುಳುಗ್ಸಿದ್ದು? ನಮ್ ಕೆಂಪಾಜಿ ಮನ್ಗೆ ಬತ್ತಾಳೆ ಸಾ."

ಅಂದಿನಿಂದ ಸಿಂಧು ಸರಿಯಾಗಿ ಉಂಡಿಲ್ಲ, ನಿದ್ದೆ ಮಾಡಿಲ್ಲ. ರಕ್ತದೊತ್ತಡ ಏರಿದೆ, ಅವಳನ್ನು ನೆಮ್ಮದಿಯಾಗಿಡಿ ಎಂದು ಡಾಕ್ಟರು ಮತ್ತೆ ಮತ್ತೆ ಹೇಳಿದ್ದಾರೆ. ನರಸೀಪುರದ ಮನೆಯ ಹಿಂದೆಯೇ ಹೊಳೆ. ಆ ಕಡೆಯ ಕಿಟಕಿಯನ್ನು ಅವಳು ತೆಗೆಯಲು ಬಿಡುವುದಿಲ್ಲವಂತೆ. ತವರಿಗೆ ಬಾ ಎಂದರೆ ಒಲ್ಲೆ ಎನ್ನುತ್ತಾಳೆ. ಅಜ್ಜಿ ನಡುನೀರಿನ ತನಕ ಹಾಡಿ ನಿಲ್ಲಿಸಿದರೆ ಮುಂದಿನದು ತನಗೆ ಸಾಹೇಬರ ದನಿಯಲ್ಲೇ ಕೇಳಿಸುತ್ತದೆ ಎಂದು ನನ್ನೊಡನೆ ಫೋನಿನಲ್ಲಿ ಅತ್ತಳು. ಅಜ್ಜಿಯೂ ಹಾಡುವುದನ್ನು ಬಿಟ್ಟಿದ್ದಾಳೆ. ಪಕ್ಕದ ಮನೆಗೆ ಮೊನ್ನೆ ಬಸುರಿ ಮಗಳು ಬಂದಾಗ ಕರೆದರೂ ಹೋಗಲಿಲ್ಲ.

ಇದೆಲ್ಲ ಮೂಢನಂಬಿಕೆ ಎಂದು ತಾವು ನಗಬಹುದು. ಹಾಡಿನಿಂದ ಯಾವ ಹರಿಗೋಲೂ ಮುಳುಗುವುದಿಲ್ಲವೆಂದು ನನಗೂ ಗೊತ್ತು ಸ್ವಾಮಿ. ಆದರೆ ಹೆದರಿದ ಹುಡುಗಿಯ ಒಡಲಲ್ಲಿರುವ ಮಗುವಿಗೆ ಅದನ್ನು ಯಾವ ಭಾಷೆಗೆ ಅನುವಾದಿಸಿ ಹೇಳಲಿ? ನನಗೆ ಭಯವಾಗುತ್ತಿದೆ. ಹೋದ ವಾರ ಹೆಮ್ಮರಗಾಲಕ್ಕೆ ಹೋಗಿದ್ದೆ. ಸಣ್ಣತಾಯಮ್ಮ ಬಯ್ಯಲಿಲ್ಲ, ಕಾಫಿ ಕೊಟ್ಟಳು. ಹೊರಡುವಾಗ ಮಾತ್ರ ಕೈ ಹಿಡಿದುಕೊಂಡು, "ನೀವೇ ಬರ್ಕಂಡು ಹೋದ್ರಿ ಮೇಡಮ್ಮ, ನನ್ ಮೊಮ್ಮಗೂಸ್ನ ನೀವೇ ಕರ್ಕಂಡ್ ಬನ್ನಿ" ಅಂದಳು. ನಾನು ಹೋಗಿ ಕರೆದೆ. ಅವಳು ಬರಲಿಲ್ಲ.

ಪುಸ್ತಕದ ಪೆಟ್ಟಿಗೆಗಳು ಮುಂದಿನ ತಿಂಗಳು ವಿದೇಶದ ಮೇಳಕ್ಕೆ ಹಡಗು ಹತ್ತಲಿವೆ. ಅದಕ್ಕೆ ಮುಂಚೆ ಆ ಎರಡು ಪುಟ ಕಿತ್ತುಹಾಕಿ. ಆದರೆ ಅದು ಆಮೇಲಿನ ಮಾತು, ಪುಸ್ತಕ ಕಾಯುತ್ತದೆ. ಮೊದಲು ತಾವು ನರಸೀಪುರಕ್ಕೆ ಬನ್ನಿ. ಶಾಲು, ಹಾರ, ಮೈಕು ಯಾವುದೂ ಬೇಡ. ಸಿಂಧುವಿನ ಎದುರು ಕೂತು, 'ಅದು ನಮ್ಮ ಕಚೇರಿ ಕಟ್ಟಿದ ಸುಳ್ಳು ಕಣಮ್ಮ, ನಿಮ್ಮಜ್ಜಿಯ ಹಾಡಿನಲ್ಲಿ ಯಾರೂ ಸಾಯುವುದಿಲ್ಲ' ಎಂದು ತಮ್ಮ ಬಾಯಿಂದಲೇ ಹೇಳಿ. ನಾನು ಹೇಳಿದರೆ ಅವಳು ನಂಬುತ್ತಿಲ್ಲ. ಸರ್ಕಾರ ಹೇಳಿದ್ದು ಸುಳ್ಳಿರಲಾರದು ಎಂದುಕೊಂಡಿದ್ದಾಳೆ, ಪಾಪ.

ಇಂತಿ,
ತಮ್ಮ ಪುಸ್ತಕದ ಮುಖಪುಟದಲ್ಲಿ ಹೆಸರಿದ್ದೂ ಹೆಮ್ಮರಗಾಲದಲ್ಲಿ ಮುಖ ತೋರಿಸಲಾಗದ
ಹೇಮಲತಾ, ಕಳಲೆ