ಹೊಲಿಗೆಯ ಮೇಲೆ ಬಿಗಿದ ಸೀರೆ

ಮೆಲಾಕಾ, ಮಲೇಷ್ಯಾ
೧೨ ಮಾರ್ಚ್ ೨೦೨೫, ಬುಧವಾರ

ಚಿ. ಸೌ. ದೀಕ್ಷಿತಾಳಿಗೆ,

ನಿನಗೂ ಮಗುವಿಗೂ ಅಮ್ಮನ ಆಶೀರ್ವಾದ. ಬರೆಯಲು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಪೆನ್ನು ಹಿಡಿದರೆ ಬರೀ ಬೈಗುಳವೇ ಬರುತ್ತಿತ್ತು, ಅದಕ್ಕೆ ಸುಮ್ಮನಿದ್ದೆ. ಈಗಲೂ ಅದೇ ಬರುತ್ತಿದೆ, ಆದರೆ ಇನ್ನು ತಡೆಯಲಾರೆ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಮೆಸೇಜು ಹಾಕಿದರೆ ಒಂದು ಹೆಬ್ಬೆರಳಿನ ಚಿತ್ರ ಕಳಿಸುತ್ತೀಯ. ಇಂಗ್ಲಿಷಿನಲ್ಲಿ ಬರೆದರೆ ನನ್ನ ಸಿಟ್ಟೆಲ್ಲ ಕಾಲೇಜಿನ ಪಾಠವಾಗಿಬಿಡುತ್ತದೆ, ಹಾಗಾಗಿ ಕನ್ನಡ. ನಿನಗೆ ಓದಲು ಬಾರದು, ನಿನ್ನ ಗಂಡ ಓದಿ ಹೇಳಲಿ. ಸ್ವರೂಪ್, ಒಂದು ಸಾಲನ್ನೂ ಹಾರಿಸಬೇಡ. ನಿನ್ನ ಅಮ್ಮನೂ ಪಕ್ಕದಲ್ಲಿ ಕೂತು ಕೇಳಲಿ.

ಮೊದಲು ಅವನ ವಿಷಯವೇ ಹೇಳುತ್ತೇನೆ. ಶನಿವಾರ ಬೆಳಿಗ್ಗೆ ಬೀದಿ ಮೂಲೆಯ ಮಮಕ್ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದೆ, ಇವನ ಫೋನು. "ಅತ್ತೆ, ನಮ್ಮ ಆಫೀಸಿನ ಒಬ್ಬರ ಹೆಂಡತಿಗೆ ಸಿಸೇರಿಯನ್ ಆಗಿದೆ. ಹೊಲಿಗೆ ಹತ್ರ ಸ್ವಲ್ಪ ನೀರು ಬರ್ತಾ ಇದೆಯಂತೆ. ಅದು ನಾರ್ಮಲ್ಲಾ?" ಫೋಟೋ ಕಳಿಸು ಎಂದೆ. ಬಂತು. ಮುಖ ಇರಲಿಲ್ಲ, ಹೊಟ್ಟೆ ಮಾತ್ರ. ಹೊಕ್ಕುಳಿನ ಎಡಕ್ಕೆ ಎಳ್ಳಿನಷ್ಟು ಮಚ್ಚೆ. ಆ ಮಚ್ಚೆಗೆ ಸೋಪು ಹಚ್ಚಿ ಮೀಯಿಸಿದವಳು ನಾನು! ಹೆತ್ತವಳಿಗೆ ಸುಳ್ಳು ಹೇಳುವುದಕ್ಕೂ ಸ್ವಲ್ಪ ಬುದ್ಧಿ ಬೇಕಲ್ಲವೇನೋ, ಸ್ವರೂಪ್? "ನಿಮ್ಮ ಆಫೀಸಿನವರಿಗೆ ಹೇಳು, ಈಗಿಂದೀಗಲೇ ಆಸ್ಪತ್ರೆಗೆ ಹೊರಡಲಿ. ನಾನೂ ಹೊರಟೆ" ಎಂದೆ.

ಪೆಟಾಲಿಂಗ್ ಜಯಾದ ಆಸ್ಪತ್ರೆಗೆ ಬಂದು ನೋಡುತ್ತೇನೆ, ನರ್ಸ್ ನಿನ್ನ ಹೊಟ್ಟೆಯ ಮೇಲಿನ ಬಟ್ಟೆ ಬಿಚ್ಚುತ್ತಾಳೆ, ಬಿಚ್ಚುತ್ತಾಳೆ, ಮುಗಿಯುವುದೇ ಇಲ್ಲ. ಇಡೀ ಒಂದು ಹತ್ತಿ ಸೀರೆ! ಬಾಣಂತನಕ್ಕೆಂದು ಉಡುಪಿಯಿಂದ ಬಂದ ನಿನ್ನ ಅತ್ತೆ ದೇವಕಿಯವರು ಬ್ರಿಕ್‌ಫೀಲ್ಡ್ಸಿನ ಇಂಡಿಯನ್ ಅಂಗಡಿಯಿಂದ ಎಳ್ಳೆಣ್ಣೆ ತರಿಸಿ, ಅರಸಿನ ಕಲಸಿ, ಬಿಸಿ ಮಾಡಿ ಹಚ್ಚಿ, ಮೇಲಿಂದ ಅದನ್ನು ಬಿಗಿದಿದ್ದಾರೆ. ಈ ಸೆಕೆಯಲ್ಲಿ, ಹಸಿ ಹೊಲಿಗೆಯ ಮೇಲೆ. ಕೇಳಿದ್ದಕ್ಕೆ, "ನಮ್ಮಲ್ಲಿ ಎಲ್ಲ ಬಾಣಂತಿಯರಿಗೂ ಹೀಗೇ ಕಟ್ಟುದು. ಹೊಟ್ಟೆ ಬರ್ಬಾರ್ದಲ್ವಾ? ಯಾರಿಗೂ ಏನೂ ಆಗ್ಲಿಲ್ಲ" ಎಂದರು. ನನಗೂ ನನ್ನ ಅಮ್ಮ ಕಟ್ಟಿದ್ದರು, ದೇವಕಿಯವರೇ. ಆದರೆ ನನ್ನ ಹೊಟ್ಟೆಯನ್ನು ಯಾರೂ ಕೊಯ್ದಿರಲಿಲ್ಲ. ಕೊಯ್ದ ಹೊಟ್ಟೆಗೂ ಕೊಯ್ಯದ ಹೊಟ್ಟೆಗೂ ಒಂದೇ ಪದ್ಧತಿಯೇ? ಬಲ ತುದಿಯಲ್ಲಿ ಹೊಲಿಗೆ ಬಿಟ್ಟುಕೊಂಡು ಕೀವು ಕಾಣುತ್ತಿತ್ತು.

ಈಗ ನೀನು ಕಿವಿ ಮುಚ್ಚಿಕೊಳ್ಳುತ್ತೀಯ, ಗೊತ್ತು. ಆದರೂ ಕೇಳು. ನಾನು ಇಷ್ಟು ವರ್ಷ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ ಬಂದಿರುವುದು ಇದನ್ನೇ. ಗಾಯ ಕೂಡಿಸುವ ಕೋಶ ತನ್ನಷ್ಟಕ್ಕೆ ತಾನು ಕೆಲಸ ಮಾಡುವುದಿಲ್ಲ. ಸುತ್ತಲಿನ ನಾರಿನ ಬಲೆಯನ್ನು ಹಿಡಿದು ಎಳೆದು ನೋಡುತ್ತದೆ, ಬಿಗಿಯಿದೆಯೋ ಸಡಿಲವಿದೆಯೋ ಎಂದು. ಹದವಾಗಿದ್ದರೆ ಹೊಸ ನಾರು ನೆಯ್ದು, ಅಂಚುಗಳನ್ನು ಹತ್ತಿರ ತಂದು, ಕೆಲಸ ಮುಗಿದ ಮೇಲೆ ಸತ್ತುಹೋಗುತ್ತದೆ. ಸುತ್ತ ಎಳೆತ ಹೆಚ್ಚಾದರೆ ಅದೂ ಹಟ ಹಿಡಿದು ಇನ್ನಷ್ಟು ಎಳೆಯುತ್ತದೆ. ನಾರು ದಪ್ಪವಾಗುತ್ತದೆ, ಜಾಗ ಗಟ್ಟಿಯಾಗುತ್ತದೆ, ಗಟ್ಟಿಯಾದಷ್ಟೂ ಮತ್ತೆ ಎಳೆಯುತ್ತದೆ. ಕೊನೆಗೆ ಉಳಿಯುವುದು ಹಗ್ಗದಂಥ ಕಲೆ. ಇನ್ನು ಎಣ್ಣೆ, ಬೆವರು, ಕೀವು ಸೇರಿ ನೆನೆದುಬಿಟ್ಟರೆ ನೆಯ್ದ ನಾರು ನೆಯ್ದ ಹಾಗೇ ಕರಗಿ, ಆ ಕೋಶಕ್ಕೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ನಿನಗೆ ಆದದ್ದು ಇದು. ನನ್ನ ವಿದ್ಯಾರ್ಥಿಗಳಿಗೆ ಇದನ್ನು ಪರೀಕ್ಷೆಯಲ್ಲಿ ಕೇಳುತ್ತೇನೆ, ಮಗಳ ಹೊಟ್ಟೆಯ ಮೇಲೆ ನೋಡಬೇಕಾಯಿತು.

ಅಷ್ಟು ಹೇಳಲು ಬಾಯಿ ತೆರೆದರೆ ನೀನು ಗೋಡೆಯ ಕಡೆ ತಿರುಗಿ, "ಅಮ್ಮಾ, ನಾಟ್ ನೌ ಲಾ" ಎಂದೆ. ನಾಟ್ ನೌ ಅಂತೆ! ಮತ್ತೆ ಯಾವಾಗ? ಎರಡು ಗಂಟೆಯ ದಾರಿಯಲ್ಲಿ ತಾಯಿಯಿದ್ದಾಳೆ, ಅವಳ ಕೆಲಸವೇ ಗಾಯ. ನೀರು ಬರಲು ಶುರುವಾದ ದಿನವೇ ಒಂದು ಫೋನು ಮಾಡಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಗಾಯ ಒಳಗಿನಿಂದ ತುಂಬಿಕೊಂಡು ಬಂದರೆ ಸರಿ, ಇಲ್ಲವಾದರೆ ಮತ್ತೆ ಹೊಲಿಯಬೇಕು ಎಂದಿದ್ದಾರೆ ನಿನ್ನ ಡಾಕ್ಟರು. ಮುಂದಿನ ವಾರ ಗೊತ್ತಾಗುತ್ತದೆ. ಅಲ್ಲಿಯವರೆಗೆ ಎಣ್ಣೆ, ಅರಸಿನ, ಸೀರೆ ಏನೂ ಹತ್ತಿರ ಬರಕೂಡದು. ಮಗುವನ್ನು ಬಿಟ್ಟು ಬೇರೆ ಭಾರ ಎತ್ತಬೇಡ. ದೇವಕಿಯವರ ಮೆಂತೆ ಗಂಜಿ ಮಾತ್ರ ಬಿಡಬೇಡ, ಅದು ಚೆನ್ನಾಗಿದೆ. ಅಷ್ಟು ಸಿಟ್ಟಿನಲ್ಲೂ ನಾನು ಎರಡು ಲೋಟ ಕುಡಿದೆ. ಶುಕ್ರವಾರ ಬರುತ್ತೇನೆ. ಬೇಡ ಎಂದರೂ ಬರುತ್ತೇನೆ, ಡ್ರೆಸ್ಸಿಂಗ್ ನಾನೇ ಮಾಡುತ್ತೇನೆ.

ಮಗುವಿನ ತಲೆಯನ್ನು ನನ್ನ ಲೆಕ್ಕದಲ್ಲಿ ಒಮ್ಮೆ ಸವರು. ದೇವರು ನಿನ್ನನ್ನು ಬೇಗ ಎಬ್ಬಿಸಿ ಓಡಾಡಿಸಲಿ. ಸಿಟ್ಟು ಇಳಿದಿಲ್ಲ.

ಇಂತಿ,
ನಿನ್ನ ಅಮ್ಮ

ತಾ.ಕ.: ಸ್ವರೂಪ್, ಇಷ್ಟು ಓದುವಾಗ ನಿನ್ನ ಅಮ್ಮ ಹೊರಗಿರಲಿ. ದೀಕ್ಷಿತಾ, ನೀನು ಎಂಟು ತಿಂಗಳ ಬಸುರಿಯಾಗಿದ್ದಾಗ ನಾನು ಬಾಣಂತನಕ್ಕೆಂದು ಕಾಲೇಜಿನಲ್ಲಿ ರಜೆ ಹೇಳಿಯೇ ನಿನಗೆ ಫೋನು ಮಾಡಿದ್ದು. ನೀನು ಹೇಳಿದೆ, "ನೋ ನೀಡ್ ಲಾ, ಅಮ್ಮಾ. ನೀನ್ ಬಂದ್ರೆ ನಾನು ಪೇಶೆಂಟ್ ಆಗ್ಬಿಡ್ತೀನಿ. ಐ ಜಸ್ಟ್ ವಾಂಟ್ ಎ ಮದರ್." ಹಾಗೆಂದು ನೀನೇ ದೇವಕಿಯವರಿಗೆ ಟಿಕೆಟ್ ಮಾಡಿಸಿದೆ. ಸೀರೆಯ ಸಿಟ್ಟು ಶನಿವಾರದ್ದು, ಇದು ಅದಕ್ಕಿಂತ ಹಳೆಯದು. ಅವತ್ತು ಆ ಮಾತು ಕೇಳಿ ನಾನು ನಿನ್ನ ಹಿಮೋಗ್ಲೋಬಿನ್ ಎಷ್ಟಿದೆ ಎಂದು ಕೇಳಿದೆ. "ಸೀ?" ಎಂದು ನಕ್ಕು ಫೋನಿಟ್ಟೆ ನೀನು. ಅದೂ ತಾಯಿ ಕೇಳುವ ಮಾತೇ ಕಣೇ.